ಬುಟ್ಟಿಯ ಮೇಲಿನ ಮಡಹಾಗಲಕಾಯಿ

ಹಸಿ ಕೆಮ್ಮಣ್ಣಿನ ವಾಸನೆಗೆ ನಾನು ಈಗಲೂ ಚಡಪಡಿಸುತ್ತೇನೆ.

ಅಂದು ಸೀಗಿ ಹುಣ್ಣಿಮೆಯ ಹಿಂದಿನ ಮಧ್ಯಾಹ್ನ. ಬಸುರಿ ಭೂಮಿಗೆ ಬಯಕೆಯೂಟ ಒಯ್ಯುವ ಬುಟ್ಟಿಗೆ ಅವ್ವ ಕೆಮ್ಮಣ್ಣು ಬಳಿದು, ಆ ಊಟಕ್ಕೆ ಹಾಕುವ ಕಾಡಿನ ಸೊಪ್ಪು, ಕಾಯಿಗಳನ್ನೇ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದಳು. ಮಡಹಾಗಲಕಾಯಿ ತಾ ಎಂದು ಕಳಿಸಿದರೆ, ನಾನು ಗುಡ್ಡ ಹತ್ತದೆ ಕೆರೆದಂಡೆಯಲ್ಲಿ ಚಿಣಿಪಣಿ ಆಡಿ ಬರಿಗೈಲಿ ಬಂದೆ.

"ಗುಡ್ಡದಾಗ ಒಂದೂ ಇಲ್ಲ ಯವ್ವಾ."

"ಇಲ್ಲದ್ದನ್ನ ಬರದು ಭೂಮ್ತಾಯಿಗೆ ಆಸಿ ಹಚ್ಚಬಾರ್ದು" ಎಂದು ಅವ್ವ, ಬರೆದಿದ್ದ ಮಡಹಾಗಲಕಾಯಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

ಹೆರಿಗೆಗೆ ಬಂದಿದ್ದ ಅಕ್ಕ ನಕ್ಕಳು. "ಅದರ ಪಲ್ಯಾ ತಿನ್ನೂ ಆಸಿ ನನಗೂ ಇತ್ತೋ ತಮ್ಮಾ. ಇರ್ಲಿ ಬಿಡು."

ನಾನು ಬಾಗಿಲಿಗೆ ಓಡಿದೆ.

"ಎಲ್ಲಿಗೋ?" ಎಂದಳು ಅವ್ವ.

"ಗುಡ್ಡಕ್ಕ."

"ಅಲ್ಲೇನೂ ಇಲ್ಲ ಅಂದೀಯಲ್ಲೋ. ಮತ್ಯಾಕ ಬಿಸಲಾಗ ಸಾಯ್ತಿ?"

ಹೊಸ್ತಿಲ ಮೇಲೆ ನಿಂತೆ. ಗುಡ್ಡ ಹತ್ತಿರಲೇ ಇಲ್ಲವೆಂದು ಹೇಳದೆ, ತಿರುಗಿ ಬಂದು ಬುಟ್ಟಿಯ ಮುಂದೆ ಕೂತೆ.