ಆಚೆ ದಡದ ಕೋಣೆ

ಸುಳ್ಳು ಹೆಸರು ಹೇಳಿ ಕೋಣೆ ಹಿಡಿದವಳು ಬಾಗಿಲು ಹಾಕಿಕೊಂಡು ಮೊದಲು ಮಾಡಿದ ಕೆಲಸ, ಮಂಚದ ಕೆಳಗೆ ಬಗ್ಗಿ ನೋಡಿದ್ದು. ಒಂದು ಕಣ ಧೂಳೂ ಇರಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಹೊಳೆಯ ಇನ್ನೊಂದು ದಡದಲ್ಲಿ ಅವಳದೂ ಇಂಥದೇ ವಸತಿಮನೆ. ದಡದುದ್ದಕ್ಕೂ ನಡೆಯಲು, ಸೈಕಲ್ ತುಳಿಯಲು ಬರುವವರಿಗೆಂದೇ ಇಟ್ಟದ್ದು. ಈ ವರ್ಷ ಕೋಣೆಗಳೆಲ್ಲ ಖಾಲಿ. "ಮುಚ್ಚಿಬಿಡೋಣ ಕಣೇ," ಎಂದಿದ್ದ ಗಂಡ. ಬರಬೇಕಾದವರನ್ನೆಲ್ಲ ಈ ದಡದವಳೇ ಬಾಚಿಕೊಳ್ಳುತ್ತಿದ್ದಾಳೆ, ಅದರಲ್ಲಿ ಸಂಶಯವಿರಲಿಲ್ಲ. ಒಮ್ಮೆಯೂ ಮುಖ ನೋಡದ ಆ ಹೆಂಗಸಿನ ಮೇಲಿನ ಹೊಟ್ಟೆಕಿಚ್ಚಿಗೆ ನಿದ್ದೆಯೇ ಹಾರಿಹೋಗಿತ್ತು. ಅವಳ ಗುಟ್ಟು ತಿಳಿಯಲೆಂದೇ, ತಂಗಿಯ ಮನೆಗೆಂದು ಗಂಡನಿಗೆ ಸುಳ್ಳು ಹೇಳಿ ದೋಣಿ ಹತ್ತಿದ್ದಳು.

ಅಂಗಳದಲ್ಲಿ ಹೊಸ ಸೈಕಲ್ಲುಗಳ ಸಾಲು. ಚಕ್ರದ ಕಡ್ಡಿಗಳಿಗೆ ಜೇಡ ಬಲೆ ಕಟ್ಟಿತ್ತು. ಅವಳ ಕಣ್ಣಿಗೆ ಬಿದ್ದದ್ದು ಥಳಥಳಿಸುವ ಗಂಟೆಗಳು ಮಾತ್ರ.

ಮಂಚದ ಮೇಲೆ ಟವೆಲ್ಲನ್ನು ದೋಣಿಯಂತೆ ಮಡಚಿಟ್ಟಿದ್ದರು. ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು. ಊಹೂಂ, ಅದು ಕೈಗೆ ಹತ್ತಲಿಲ್ಲ.

ಊಟದ ಮೇಜಿನಲ್ಲಿ ಅವಳೊಬ್ಬಳೇ. ಉಳಿದವರೆಲ್ಲ ಸುತ್ತಾಡಲು ಹೋಗಿರಬೇಕು ಎಂದುಕೊಂಡಳು.

"ಯಜಮಾನಿ ಕಾಣಲ್ವಲ್ಲ?" ಬಡಿಸುತ್ತಿದ್ದ ಗಂಡಸನ್ನು ಕೇಳಿದಳು.

"ನನ್ನ ಹೆಂಡ್ತೀನಾ? ಬೆಳಿಗ್ಗೆ ದಿಢೀರಂತ ಅಕ್ಕನ ಮನೆಗೆ ಹೊರಟಳು."

"ಆ ಟವೆಲ್ಲು?"

"ಅದು ಅವಳಿಗೊಬ್ಬಳಿಗೇ ಬರೋದು. ಈ ಸುತ್ತಮುತ್ತ ಬೇರೆ ಯಾರಿಗೂ ಬರಲ್ಲ. ನನಗೆ ಹೇಳಿಕೊಟ್ಟು ಸಾಕಾಗಿ ಬಿಟ್ಟುಬಿಟ್ಟಳು."

"ಇಷ್ಟು ಕೆಲಸ ಇರುವಾಗ ಹೋಗೋಕೆ ಧೈರ್ಯ ಬೇಕು."

ಅವನು ಪಾತ್ರೆ ನೋಡುತ್ತ ನಕ್ಕ. ಜಂಭ, ಎಂದುಕೊಂಡಳು ಅವಳು.

ಮರುದಿನ ಹೊರಡುವಾಗ ಕೈ ಸುಮ್ಮನಿರಲಿಲ್ಲ. ತನ್ನ ಮನೆಯ ರೂಢಿಯಂತೆ ಹಾಸಿಗೆ ಕೊಡವಿ, ಹಾಸಿನ ಮೂಲೆಗಳಿಗೆ ಗಂಟು ಹಾಕಿಬಿಟ್ಟಿತು. ಹೊಳೆಯ ನಡುವೆ ಎದುರು ಬಂದ ದೋಣಿಯಲ್ಲಿ ಒಬ್ಬಳು ಹೆಂಗಸಿದ್ದಳು. ಗುರುತಿನವರು ಯಾರಾದರೂ ಆದರೆ ಕಷ್ಟವೆಂದು ಇವಳು ಮುಖ ತಿರುಗಿಸಿಕೊಂಡಳು. ಆಕೆಯೂ ತಿರುಗಿಸಿಕೊಂಡಳು.

ಗಂಡ ಬಾಗಿಲಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ. "ನೀನು ಅತ್ತ ಹೋದೆ, ಇತ್ತ ಒಬ್ಬರು ಬಂದ್ರು ಕಣೇ. ವಾಕಿಂಗ್‌ಗೆ ಅಂತ ಬಂದೋರು ಮನೆ ಬಿಟ್ಟು ಕದಲಲೇ ಇಲ್ಲ. ಅಡುಗೆಮನೆಗೂ ಇಣುಕಿದ್ರು. ಈಗಷ್ಟೇ ಹೊರಟ್ರು. ಅಷ್ಟು ಹಿಡಿಸಿಬಿಟ್ಟಿದೆ ನಮ್ಮನೆ."

ಅವಳ ಎದೆ ಉಬ್ಬಿತು. ಆ ಹೆಂಗಸಿನ ಕಣ್ಣು ಕುಕ್ಕಲಿ, ಎಂದು ಆಚೆ ದಡದತ್ತ ಒಮ್ಮೆ ನೋಡಿ, ಕೋಣೆ ಗುಡಿಸಲು ಬಾಗಿಲು ತೆರೆದಳು.

ಮಂಚದ ನಡುವೆ, ಅವಳದೇ ಹಳೆಯ ಟವೆಲ್ಲು ದೋಣಿಯಾಗಿ ಕೂತಿತ್ತು.