ಓಣಿಯ ಅಗಲ

ಮುದುಕ ಓಯಿಕಾವಾ ಸಾನ್ ಮತ್ತೆ ಓಣಿ ಅಳೆಯುತ್ತಿದ್ದ. ಟೇಪಿನ ಒಂದು ತುದಿಯನ್ನು ತನ್ನ ಗೇಟಿಗೆ ಸಿಕ್ಕಿಸಿ, ಇನ್ನೊಂದನ್ನು ಎದುರುಮನೆಯ ಜಾಹ್ನವಿಯ ಗೇಟಿನವರೆಗೆ ಎಳೆದು, ಬಗ್ಗಿ ನೋಡಿ, ತಲೆಯಾಡಿಸಿದ. ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದ ಜಾಹ್ನವಿಗೆ ಒಗ್ಗರಣೆ ಸೀದದ್ದೇ ಗೊತ್ತಾಗಲಿಲ್ಲ.

ಜಪಾನಿನ ಸೆಂಡಾಯ್‌ನ ಈ ದಿಣ್ಣೆಗೆ ಜಾಹ್ನವಿಯ ಸಂಸಾರ ಬಂದು ವರ್ಷವಾಗಿತ್ತು. ಗಂಡ ವಿನಾಯಕನಿಗೆ ವಿಶ್ವವಿದ್ಯಾಲಯದ ಲ್ಯಾಬು. ಮಗಳು ಸಾಹಿತ್ಯಳಿಗೆ ಗಾಲಿಕುರ್ಚಿ. ಅವಳನ್ನು ಡೇಕೇರಿಗೆ ಒಯ್ಯುವ ಲಿಫ್ಟಿನ ಬಸ್ಸು ದಿಣ್ಣೆಯ ಕೆಳಗೇ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಜಾಹ್ನವಿಯೇ ಲಿಫ್ಟು. ಹಿಮ ಬಿದ್ದ ಇಳಿಜಾರಿನಲ್ಲಿ ಗಾಲಿ ನಿಲ್ಲದು. ಮಗಳನ್ನು ಬೆನ್ನಿಗೆ ಹಾಕಿಕೊಂಡೇ ಇಳಿಯಬೇಕು. ಈಗ ಆ ಬೆನ್ನೂ ಮುಷ್ಕರ ಹೂಡಿತ್ತು. ಇನ್ನು ಎತ್ತಲೇಕೂಡದು ಎಂದು ಡಾಕ್ಟರು ಹೇಳಿದ್ದರು.

ಅಂಗವಿಕಲರಿಗೂ ಅವರ ಮನೆಯವರಿಗೂ ಸಿಗುವ ಸೇವೆಯನ್ನು ಸುಧಾರಿಸಲು ವಾರ್ಡ್ ಕಚೇರಿ ಸಭೆಗಳನ್ನು ನಡೆಸಿತ್ತು. ಮೊದಲು ಸುಧಾರಿಸಿದ್ದು ಸಭೆಯ ಚಹಾ. ಕೊನೆಗೂ, ಸೋಮವಾರ ಬಸ್ಸು ಒಮ್ಮೆ ಓಣಿಯೊಳಗೆ ಬಂದು ನೋಡಲಿ ಎಂದಾಯಿತು. ಓಣಿಯವರ ತಕರಾರು ಇರಬಾರದು. ಇದ್ದರೆ, ಊರಾಚೆ ಬೆಟ್ಟದ ಮೇಲೆ ಇಂಥ ಮಕ್ಕಳಿಗೊಂದು ವಸತಿನಿಲಯವಿದೆ, ತುಂಬ ಒಳ್ಳೆಯದು, ಭಾನುವಾರ ಹೋಗಿ ಮಗಳನ್ನು ನೋಡಬಹುದು ಎಂದು ಕಚೇರಿಯ ಶಿಶಿದೊ ಸಾನ್ ನಡು ಬಗ್ಗಿಸಿ ಹೇಳಿದ್ದಳು.

ಮೊನ್ನೆ ಅವಳದೇ ಫೋನು. "ನಿಮ್ಮ ಓಣಿಯಿಂದ ಒಬ್ಬರು ದಿನಾ ಫೋನ್ ಮಾಡ್ತಿದ್ದಾರೆ. ಬಸ್ಸಿನ ವಿಷಯ. ಹೆಸರು ಹೇಳುವಂತಿಲ್ಲ, ಸುಮಿಮಾಸೆನ್, ಕ್ಷಮಿಸಿ. ಸ್ವಲ್ಪ ಕಷ್ಟದ ಪರಿಸ್ಥಿತಿ."

ಇಲ್ಲಿ ಯಾರೂ ಮುಖಕ್ಕೆ ಮುಖ ಕೊಟ್ಟು ಜಗಳವಾಡುವುದಿಲ್ಲ. ಕಚೇರಿಗೆ ಹೇಳುತ್ತಾರೆ, ಕಚೇರಿ ಕಷ್ಟ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಈ ಪಾಠವನ್ನು ಜಾಹ್ನವಿಗೆ ಕಲಿಸಿದ್ದು ಅವಳ ಕುಕ್ಕರು. ಅದರ ಕೂಗಿನ ಮೇಲೆ ಬಂದ ದೂರು ಅವಳನ್ನು ಮುಟ್ಟಿದ್ದು ಬಾಡಿಗೆ ಏಜೆಂಟನ ಬಾಯಿಂದ.

"ಅದೇ ಮುದುಕ ಕಣೋ. ಗ್ಯಾರಂಟಿ," ಎಂದಳು ಗಂಡನಿಗೆ.

"ಒಂಟಿ ಮನುಷ್ಯ, ಬೇಜಾರಿರತ್ತೆ. ಏನಾದ್ರೂ ಸ್ವೀಟ್ ಕೊಟ್ಟು ಬಾ."

"ಮೈಸೂರ್ ಪಾಕ್ ತಿಂದು ಬಸ್ಸಿಗೆ ದಾರಿ ಬಿಡ್ತಾನಾ?"

ಮರುದಿನ ಬೆಳಿಗ್ಗೆ ಮುದುಕ ತಾನೇ ಅಡ್ಡ ಬಂದು ನಿಂತ. ಬಸ್ಸಿನ ಲಿಫ್ಟು ಎಷ್ಟು ಭಾರ ಹೊರುತ್ತದೆ ಎಂದು ಕೇಳಿದ. ಎಂಬತ್ತು ಕಿಲೋ ಹೊತ್ತೀತೆ?

"ನನ್ನ ಮಗಳು ಇಪ್ಪತ್ತೆರಡು ಕಿಲೋ," ಎಂದಳು ಜಾಹ್ನವಿ.

ಅವನು ಸಾಹಿತ್ಯಳನ್ನು ಬಹಳ ಹೊತ್ತು ದಿಟ್ಟಿಸಿದ. "ಇವಳು ದೊಡ್ಡವಳಾಗುತ್ತಾಳೆ. ನೀವು ಮುದುಕಿಯಾಗುತ್ತೀರಿ. ಆಮೇಲೆ?"

ಜಾಹ್ನವಿ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಇಷ್ಟು ಸಭ್ಯವಾದ ಬೆದರಿಕೆಯನ್ನು ಅವಳು ಈವರೆಗೆ ಕೇಳಿರಲಿಲ್ಲ. ಸಾಹಿತ್ಯ ಮಾತ್ರ ಎಂದಿನಂತೆ ಮುದುಕನ ಮನೆಯ ಕಡೆ ಕೈಬೀಸುತ್ತಿದ್ದಳು. ಅಲ್ಲಿದ್ದದ್ದು ಎಂದೂ ತೆರೆಯದ ಕಿಟಕಿಯ ಷಟರು, ಅದರಡಿ ಗೇಣಗಲದ ಸಂದಿ. ಬೆಕ್ಕು ಸಾಕಿದ್ದಾನೇನೋ.

ಶನಿವಾರ ಅವನ ಅಂಗಳದಲ್ಲಿ ಗರಗಸ ಸದ್ದು ಮಾಡಿತು. ಭಾನುವಾರ ಸುತ್ತಿಗೆ. ಸಂಜೆಗೆ ಗೇಟಿನ ಪಕ್ಕ ಬಾಗಿಲಿನಷ್ಟು ಅಗಲದ ದಪ್ಪ ಹಲಗೆಯೊಂದು ಒರಗಿತ್ತು. ಓಣಿಗೆ ಅಡ್ಡ ಇಟ್ಟರೆ ಸೈಕಲ್ಲೂ ದಾಟದು. ವಿನಾಯಕ ಈ ಸಲ ಸ್ವೀಟಿನ ಮಾತೆತ್ತಲಿಲ್ಲ. ಸೋಮವಾರಕ್ಕೆ ರಜೆ ಹಾಕಿದ.

ಬಸ್ಸು ಏದುಸಿರು ಬಿಡುತ್ತ ದಿಣ್ಣೆ ಹತ್ತಿತು, ಮುಂದೆ ಶಿಶಿದೊ ಸಾನ್ ದಾರಿ ತೋರಿಸುತ್ತ. ಮುದುಕ ಹೊರಬಂದ. ಮದುವೆಗೆ ಹೊರಟವನಂತೆ ಕೋಟು, ಟೈ. ಹಲಗೆಯನ್ನು ದರದರ ಎಳೆದು ತಂದ. ಬಸ್ಸು ನಿಂತಿತು.

ಜಾಹ್ನವಿ ಮಗಳ ಕುರ್ಚಿಯನ್ನು ಗಂಡನ ಕೈಗೆ ಕೊಟ್ಟು ಓಡಿದಳು, ಹಲಗೆಯ ತುದಿಯನ್ನು ಮೆಟ್ಟಿ ನಿಂತಳು. "ಬಸ್ಸು ಬರಲೇಬೇಕು."

"ಹೌದು, ಬರಲೇಬೇಕು," ಎಂದ ಮುದುಕ. "ದಯವಿಟ್ಟು ಕಾಲು ತೆಗೆಯಿರಿ."

ಹಲಗೆ ತಿರುಗಿತು. ಅದರ ತುದಿ ಅವನದೇ ಮನೆಯ ಹೊಸ್ತಿಲ ಮೇಲೆ ಅಳತೆಗೆ ಸರಿಯಾಗಿ ಕೂತಿತು. ಮುದುಕ ಒಳಗೆ ಹೋದ.

ಒಳಗಿನ ಕತ್ತಲಿನಿಂದ ಗಾಲಿಕುರ್ಚಿಯೊಂದು ಮೆಲ್ಲನೆ ಇಳಿದು ಬಂತು. ಹಿಂದೆ ಓಯಿಕಾವಾ ಸಾನ್ ಹಿಡಿದುಕೊಂಡಿದ್ದರು, ಕುರ್ಚಿಯಲ್ಲಿ ಅವರಷ್ಟೇ ಅಚ್ಚುಕಟ್ಟಾಗಿ ಟೈ ಕಟ್ಟಿದ, ತಲೆ ನರೆತ, ಭಾರೀ ಮೈಯ ಮಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಳೆಯ ಗೆಳತಿಯನ್ನು ಕಂಡವನಂತೆ ಸಾಹಿತ್ಯಳಿಗೆ ಕೈಬೀಸಿದ.