ಭಂಡಾರಕ್ಕೆ ಬಿದ್ದ ಮಾತು

ಹಣೆಗೆ ಹಚ್ಚಿಕೊಳ್ಳಬೇಕೆಂದು ಭಂಡಾರದ ಡಬ್ಬಿಯಲ್ಲಿ ಬೆರಳಿಟ್ಟ ಸೀತವ್ವನಿಗೆ ಅರಿಷಿಣಪುಡಿಯ ಬದಲು ಕಾಗದ ತಾಕಿತು. ಎಳೆದು ನೋಡಿದರೆ ಮಡಚಿದ ಮೂರು ಚೀಟಿಗಳು. ಮೈತುಂಬ ಅರಿಷಿಣ ಬಳಿದುಕೊಂಡು ದೇವರ ಜಗಲಿಯ ಮುಂದೆ ಮದುಮಕ್ಕಳ ಹಾಗೆ ಬಿದ್ದವು.

“ಅರ್ಚನಾ! ಬೀರಪ್ಪನ ಡಬ್ಬ್ಯಾಗ ಇದೇನ ಕಸಾ ತುಂಬೀದಿ?”

ಗೋಕಾಕದ ಕಾಲೇಜಿಗೆ ಹೋಗುವ ಮೊಮ್ಮಗಳು ಮುಖ ಒರೆಸಿಕೊಳ್ಳುತ್ತ ಒಳಗೆ ಬಂದಳು. “ಕಸ ಅಲ್ಲ ಆಯಿ. ನಿನ್ನಿ ಬರಕೊಂಡಿದ್ವಲ್ಲ, ಹೊಸ ವರ್ಷಕ್ಕ ಏನೇನ ಮಾಡ್ತೀವಿ ಅಂತ. ದೇವರ ಹಂತ್ಯಾಕ ಇದ್ರ ಬಲ ಬರತೈತಿ ಅಂತ ಇಟ್ಟೇನಿ.”

ನಿನ್ನೆ ಸಂಜೆಯೆಲ್ಲ ಈ ಹುಡುಗಿ ಒಲೆಯ ಸುತ್ತ ಸುತ್ತಿ ತಲೆ ತಿಂದಿದ್ದಳು. ದೊಡ್ಡ ದೊಡ್ಡ ಹರಕೆ ಬೇಡವಂತೆ. ಸಣ್ಣದೊಂದು ಮೆತ್ತಗಿನ ಮಾತು ಸಾಕಂತೆ. ಒಂದು ದಿನ ತಪ್ಪಿದರೆ ತನ್ನನ್ನು ತಾನು ಬಯ್ದುಕೊಳ್ಳದೆ ಮರುದಿನ ಮತ್ತೆ ಶುರು ಮಾಡಬೇಕಂತೆ. ಗಂಡ ಖಂಡೆಪ್ಪ “ತಂಬಾಕ ಅರ್ಧಾ ಮಾಡ್ತೀನಿ, ಬರಕೋ” ಎಂದು ಪಾರಾದ. ಸೀತವ್ವನ ಕೈ ರೊಟ್ಟಿಯ ಹಿಟ್ಟಿನಲ್ಲಿತ್ತು. ಮೂರನೆಯ ಸಲ ಕೇಳಿದಾಗ ಅವಳ ತಾಳ್ಮೆ ಹರಿಯಿತು. “ಕೆಂಪವ್ವನ ಜೋಡಿ ಮಾತಾಡ್ತಾಳ ಅಂತ ಬರಕೋ ಹೋಗ!” ಎಂದುಬಿಟ್ಟಳು.

ಪಡುವಣಕ್ಕೆ ಸೂರ್ಯ ಹುಟ್ಟಲಿ ಅಂದಂತೆ ಅಂದ ಮಾತು ಅದು. ಮಗ ಮಾಳು ಎರಡೇ ದಿನದ ಜ್ವರದಲ್ಲಿ ಮಣ್ಣಾದಾಗ, ಹುಕ್ಕೇರಿಯಿಂದ ಈ ಮೇಲವಂಕಿಗೆ ಮಣ್ಣಿಗೆ ಬಾರದವಳು ಈ ಕೆಂಪವ್ವ, ಒಡಹುಟ್ಟಿದ ಅಕ್ಕ. ಅಂದಿಗೆ ಸತ್ತಿತ್ತು ಮಾತು. ಇಂದಿಗೆ ಹದಿನೈದು ತಿಂಗಳು. ಮನೆಯ ಕುರಿಮರಿಗೂ ಗೊತ್ತಿದ್ದ ಸಂಗತಿ. ಈ ತಲೆಹರಟೆ ಹುಡುಗಿ ಅದನ್ನೇ ಬರೆದಿಟ್ಟಿದ್ದಳು.

“ಅದು ಸಿಟ್ಟಿಗೆ ಅಂದದ್ದ, ಹುಚ್ಚಿ!”

“ಆಗ್ಲಿಲ್ಲಂದ್ರ ಬಿಟ್ರಾತ ಆಯಿ. ಇದೇನ ಆಣಿ ಅಲ್ಲ.”

“ಭಂಡಾರ ಹತ್ತಿದ ಮ್ಯಾಲೆ ಮೆತ್ತಗಿಂದು ಯಾವುದ, ಬಿರುಸಿಂದು ಯಾವುದ?”

“ಹಂಗಾರ ತಗದ ಒಲ್ಯಾಗ ಹಾಕಲಿ?”

“ಭಂಡಾರ ಒಲ್ಯಾಗ ಹಾಕಾಕಿ! ನಿನ್ನ ಕಾಲೇಜ ಸುಡ್ಲಿ!”

ಕುರುಬರ ಮನೆಯಲ್ಲಿ ಭಂಡಾರ ಅಂಗೈಯಲ್ಲಿಟ್ಟುಕೊಂಡು ಆಡಿದ ಮಾತಿಗೆ ಎರಡನೆಯ ಮಾತಿಲ್ಲ. ಹಿಂದೊಮ್ಮೆ ಹೀಗೇ ಮಾತು ಕೊಟ್ಟು, ಕಣ್ಣಿನ ಗೊಂಬೆಯಂತೆ ಸಾಕಿದ ಟಗರನ್ನು ಖಂಡೆಪ್ಪ ಮರುಮಾತಾಡದೆ ಕೇಳಿದವನಿಗೆ ಬಿಟ್ಟುಕೊಟ್ಟಿದ್ದ. ಈಗಲೂ ಅವನು ಕಟ್ಟೆಯ ಮೇಲೆ ಒಂದೇ ಒಂದು ಚಿಟಿಕೆ ತಂಬಾಕು ಅಂಗೈಯಲ್ಲಿ ಹಿಡಿದು, ತಿನ್ನಲಾರದೆ ಬಿಡಲಾರದೆ ಕುಳಿತಿದ್ದ.

“ನನ್ನ ಪಾಡ ನೋಡ,” ಎಂದ ಹೊರಗಿನಿಂದ. “ಮುಂಜಾನಿಂದ ಇದನ್ನ ಬರೇ ಮೂಸಿ ನೋಡಾಕತ್ತೇನಿ. ನಿಂದೇನ, ಬಾಯಿ ಕೆಲಸ. ಫೋನ್ ಹಚ್ಚ.”

“ನಿಮಗ ಚ್ಯಾಷ್ಟಿ ಆಗೇತಿ.”

“ಬೀರಪ್ಪಗ ಆಗಿಲ್ಲ.”

ಸೀತವ್ವ ಸೆರಗು ಬಿಗಿದಳು. ಚೀಟಿಯಲ್ಲಿ ಮಾತಾಡಬೇಕು ಅಂತಿದೆ. ಎಷ್ಟು ಅಂತಿಲ್ಲ. ಒಂದು ಮಾತು ಆಡಿದರೂ ಆಡಿದಂತೆಯೇ. ದೇವರ ಸಾಲ ತೀರಿತು, ಪೀಡೆ ಕಳೆಯಿತು. “ಹಚ್ಚ. ನಾ ಒಂದ ಮಾತ ಅಂದ ಕೂಡಲೆ ಕಟ್ ಮಾಡಬೇಕ, ತಿಳೀತಿಲ್ಲ?” ಅರ್ಚನಾ ತಲೆಯಾಡಿಸಿ, ನಂಬರು ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಅವಳ ಕೈಗಿತ್ತಳು.

“ಯಾರ?” ಅದೇ ದನಿ.

“ನಾನು. ಸೀತವ್ವ.”

“ಸೀತೀ? ಏ, ಹಾಲ ಉಕ್ಕಾಕತ್ತೇತಿ, ಫೋನ್ ಇಡಬ್ಯಾಡ, ತಡಿ, ಇಡಬ್ಯಾಡ!” ಫೋನನ್ನು ಎಲ್ಲಿಯೋ ಕುಕ್ಕಿದ ಸದ್ದು ಬಂತು.

“ನೋಡ ಆಕಿ ಸೊಕ್ಕ! ಹದಿನೈದ ತಿಂಗಳಿಗೆ ತಂಗಿ ಫೋನ್ ಹಚ್ಚಿದ್ರ ಆಕಿಗೆ ಹಾಲ ಹೆಚ್ಚಾತ. ಕಟ್ ಮಾಡ ಇದನ್ನ!”

ಅರ್ಚನಾ ಕೈ ಚಾಚಲಿಲ್ಲ. ಫೋನಿನೊಳಗಿಂದ ಬೇರೊಂದು ಸದ್ದು ಬರುತ್ತಿತ್ತು. ಕಲ್ಲುಹಾಸಿನ ಮೇಲೆ ಟಕ್ ಎಂದು ಕೋಲು. ಅದರ ಹಿಂದೆ ಸರ್ರನೆ ಎಳೆದ ಕಾಲು. ಮತ್ತೆ ಕೋಲು. ಮತ್ತೆ ಕಾಲು.

“ಯಾರ ಅದು, ಕೋಲ ಊರಕೋತ ಹೊಂಟದ್ದು?”

“ದೊಡ್ಡಾಯಿನ, ನಿಮ್ಮಕ್ಕ,” ಎಂದಳು ಅರ್ಚನಾ. “ಬಚ್ಚಲದಾಗ ಬಿದ್ದ ಸೊಂಟದ ಚಪ್ಪಿ ಮುರಕೊಂಡಾಳ.”

ಮಾಯಕ್ಕನ ದರ್ಶನಕ್ಕೆ ಚಿಂಚಲಿಯವರೆಗೂ ನಡೆದೇ ಹೋಗುತ್ತಿದ್ದ ಹೆಂಗಸು ಅವಳು. “ಯಾವಾಗ?”

“ಮಾಳು ಕಾಕಾ ಹೋದ ಹಿಂದಿನ ದಿನ.”

“ನನಗ್ಯಾಕ ಯಾರೂ ಹೇಳಲಿಲ್ಲ?”

“ಆಕಿ ಮಗಾ ಶಿದ್ರಾಮ ಕಾಕಾ ಮಣ್ಣಿಗೆ ಬಂದಾಗ ಹೇಳಾಕ ಬಂದಿದ್ದ. ‘ನಿಮ್ಮವ್ವನ ಸುದ್ದಿ ತಗದ್ರ ಎದ್ದ ಹೋಗ’ ಅಂದಿ.”

“ಆಮ್ಯಾಲರೆ ಹೇಳಬಾರದಿತ್ತ?”

“ಹೇಳಾಕ ಬಾಯಿ ತಗದ್ರ ಉಣ್ಣೂ ಗಂಗಾಳ ಸರಿಸಿ ಏಳಾಕಿ ನೀನ,” ಎಂದ ಕಟ್ಟೆಯ ಮೇಲಿನ ಖಂಡೆಪ್ಪ. ಅವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

ಫೋನಿನೊಳಗೆ ಪಾತ್ರೆ ಇಳಿಸಿದ ಸದ್ದಾಯಿತು. ಆಮೇಲೆ ಕೋಲು ಹಿಂದಿರುಗಿತು. ಈ ಸಲ ಅದಕ್ಕೆ ತಾಳ ತಪ್ಪಿತ್ತು. ಟಕ್ ಟಕ್ ಟಕ್, ಗೋಡೆಗೆ ತಾಗಿ, ಎಡವಿ, ಮತ್ತೆ ಟಕ್ ಟಕ್. ಸೀತವ್ವ ಎರಡೂ ಕೈಯಲ್ಲಿ ಫೋನು ಹಿಡಿದಳು. ಆ ಕಡೆ ಫೋನಿನ ಹತ್ತಿರ ಕೇಳುವವರು ಇನ್ನೂ ಯಾರೂ ಇಲ್ಲವೆಂಬುದನ್ನೂ ಮರೆತು, ಹೊಲದಾಚೆಯವರನ್ನು ಕೂಗುವ ಹಾಗೆ ಕೂಗಿದಳು:

“ಸಾವಕಾಶ ಬಾ ಯಕ್ಕಾ! ಓಡಬ್ಯಾಡ! ನಾ ಇಟ್ಟಿಲ್ಲ!”